ಫಲಕದ ಮೇಲಿರುವುದು ಹೆಂಡತಿಯ ಹೆಸರು

ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ ಕೋಡಿಹಳ್ಳಿ ದಾಟುವಾಗ ಮೈಸೂರು ಅರಮನೆಯ ಚಹರೆ ಹೊತ್ತ ಒಂದು ದೊಡ್ಡ ಹೋಟೆಲು ಕಣ್ಣಿಗೆ ಬೀಳುತ್ತದೆ. 2001ರಲ್ಲಿ ಬಾಗಿಲು ತೆರೆದ ಲೀಲಾ ಪ್ಯಾಲೇಸ್ ಅದು. ದಿನವೂ ಅದರ ಮುಂದೆ ಓಡಾಡುವ ಎಷ್ಟೋ ಮಂದಿಗೆ ಈ ಲೀಲಾ ಯಾರೆಂಬುದು ಗೊತ್ತಿರಲಾರದು. ಆಕೆ ಹೋಟೆಲು ಕಟ್ಟಿಸಿದ ಕ್ಯಾಪ್ಟನ್ ಸಿ. ಪಿ. ಕೃಷ್ಣನ್ ನಾಯರ್ ಅವರ ಹೆಂಡತಿ.

2014ರ ಮೇ 17ರಂದು ಮುಂಬೈಯಲ್ಲಿ ನಾಯರ್ ತೀರಿಕೊಂಡಾಗ ಅವರಿಗೆ 92 ವರ್ಷ. ಇಂಥವರು ಹೋದಾಗ ಬರೆಯುವ ಕ್ರಮ ಒಂದಿದೆ. ಮೊದಲು ಉದ್ಯಮ, ಆಮೇಲೆ ಪ್ರಶಸ್ತಿ, ಕೊನೆಯ ಸಾಲಿನಲ್ಲಿ ಹೆಂಡತಿ ಮಕ್ಕಳು. ನಾಯರ್ ಅವರ ಮಟ್ಟಿಗೆ ಈ ಕ್ರಮ ತಪ್ಪು. ಅವರ ವ್ಯಾಪಾರ ಹುಟ್ಟಿದ್ದೇ ಸಂಸಾರದಿಂದ.

1922ರಲ್ಲಿ ಕಣ್ಣೂರಿನ ಸಾಧಾರಣ ಮನೆಯಲ್ಲಿ ಹುಟ್ಟಿದ ಹುಡುಗ ಸೈನ್ಯ ಸೇರಿ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಕ್ಯಾಪ್ಟನ್ ಆದ. ನಮ್ಮ ಬೆಳಗಾವಿಯೇ ಕೇಂದ್ರವಾಗಿರುವ ರೆಜಿಮೆಂಟು ಅದು. 1950ರಲ್ಲಿ ಲೀಲಾ ಅವರ ಕೈ ಹಿಡಿದ ಮೇಲೆ ಬದುಕಿನ ದಾರಿಯೇ ಬದಲಾಯಿತು. ಮಾವನವರದು ಕಣ್ಣೂರಿನಲ್ಲಿ ಕೈಮಗ್ಗದ ಉದ್ಯಮ. ಆ ಊರಿಗೆ ಮಗ್ಗದ ಸದ್ದು ಹೊಸದಲ್ಲ; ಮಂಗಳೂರಿನಲ್ಲಿ ಬಟ್ಟೆ ನೇಯಿಸುತ್ತಿದ್ದ ಬಾಸೆಲ್ ಮಿಷನ್ ಹತ್ತೊಂಬತ್ತನೇ ಶತಮಾನದಲ್ಲೇ ಅಲ್ಲೂ ಕಾರ್ಖಾನೆ ನಡೆಸಿತ್ತು. ಸೈನ್ಯ ಬಿಟ್ಟ ಅಳಿಯ ಮಾವನ ಮಗ್ಗಗಳ ಬಟ್ಟೆಯನ್ನು ಮಾರಲು ಹೊರಟರು. ಹೆಸರಿನ ಹಿಂದಿನ ‘ಕ್ಯಾಪ್ಟನ್’ ಮಾತ್ರ ಕೊನೆಯವರೆಗೂ ಜೊತೆಗೇ ಉಳಿಯಿತು.

ಅವರ ಗಟ್ಟಿತನ ಗೊತ್ತಾಗುವುದು 1958ರ ಒಂದು ಪ್ರಸಂಗದಲ್ಲಿ. ವಿಲಿಯಂ ಜೇಕಬ್‌ಸನ್ ಎಂಬ ಅಮೆರಿಕದ ಆಮದುದಾರ ನಾಯರ್ ಅವರಿಂದ ಮದ್ರಾಸ್ ಚೌಕಳಿ ಬಟ್ಟೆ ಕೊಂಡ. ಅದು ನ್ಯೂಯಾರ್ಕಿನ ಹೆಸರಾಂತ ಬ್ರೂಕ್ಸ್ ಬ್ರದರ್ಸ್ ಅಂಗಡಿ ಸೇರಿ, ಅಂಗಿಯಾಗಿ, ಕೋಟಾಗಿ ಮಾರಾಟವಾಯಿತು. ಸಸ್ಯಗಳಿಂದ ತೆಗೆದ ಬಣ್ಣ, ಮೆಲ್ಲಗೆ ತಣ್ಣೀರಿನಲ್ಲಿ ಒಗೆಯಬೇಕು ಎಂದು ನಾಯರ್ ಮೊದಲೇ ಎಚ್ಚರಿಸಿದ್ದರು. ಆ ಮಾತು ಗಿರಾಕಿಗಳವರೆಗೆ ತಲುಪಲೇ ಇಲ್ಲ. ಅಂಗಿ ವಾಷಿಂಗ್ ಮೆಷಿನ್ನಿಗೆ ಬಿತ್ತು, ಬಣ್ಣ ಬಿಟ್ಟಿತು, ದೂರುಗಳು ಬಂದವು, ಮಾತು ಕೋರ್ಟಿನವರೆಗೂ ಹೋಯಿತು. ನಾಯರ್ ನ್ಯೂಯಾರ್ಕಿಗೆ ಹೋದರು. ಅಲ್ಲಿ ‘ಸೆವೆಂಟೀನ್’ ಪತ್ರಿಕೆಯ ಮೂಲಕ ಈ ಬಟ್ಟೆಯ ಕಥೆಯೇ ಹೊಸದಾಗಿ ಓದುಗರ ಮುಂದೆ ಬಂತು: ಇದು ಕೈಯಲ್ಲಿ ನೇಯ್ದದ್ದು, ಬಣ್ಣ ಬಿಡುವುದೇ ಇದರ ಗುಣ, ಪ್ರತಿ ಒಗೆತದಲ್ಲೂ ಚೌಕಳಿಗಳು ಒಂದರೊಳಗೊಂದು ಕರಗಿ ಹೊಸ ಛಾಯೆ ಪಡೆಯುತ್ತವೆ. ವಾಪಸು ಬರಬೇಕಿದ್ದ ಬಟ್ಟೆಗೆ ಜನ ಮುಗಿಬಿದ್ದರು.

ಈ ಪ್ರಸಂಗವನ್ನು ಜಾಹೀರಾತಿನ ಚಮತ್ಕಾರ ಎಂದು ಹೇಳುವವರಿದ್ದಾರೆ. ಆದರೆ ನೇಕಾರನ ಕಡೆಯಿಂದಲೂ ಇದನ್ನು ನೋಡಬೇಕು. ಬಣ್ಣ ನಿಲ್ಲದ ಬಟ್ಟೆ ಎಂಬ ಹಣೆಪಟ್ಟಿ ಬಿದ್ದಿದ್ದರೆ ನಷ್ಟ ವ್ಯಾಪಾರಿಯೊಬ್ಬನದೇ ಆಗುತ್ತಿರಲಿಲ್ಲ, ಮಗ್ಗಗಳೂ ನಿಲ್ಲುತ್ತಿದ್ದವು. ತಾನು ಮಾರಿದ ಬಟ್ಟೆಯ ಗುಣವನ್ನು ನಾಯರ್ ಬಲ್ಲವರಾಗಿದ್ದರು, ಅದಕ್ಕೇ ಅದರ ಪರವಾಗಿ ನಿಂತು ಮಾತಾಡಲು ಅವರಿಗೆ ಸಾಧ್ಯವಾಯಿತು.

ಆಮೇಲೆ ಲೇಸ್ ಬಂತು, ಸಿದ್ಧ ಉಡುಪಿನ ರಫ್ತು ಬಂತು. ಹೋಟೆಲಿಗೆ ಕೈ ಹಾಕಿದ್ದು ಅರವತ್ತು ದಾಟಿದ ಮೇಲೆ, ನಮ್ಮಲ್ಲಿ ನೌಕರರು ಪಿಂಚಣಿ ಕಾಗದ ಹಿಡಿದು ಮನೆಗೆ ಬರುವ ವಯಸ್ಸಿನಲ್ಲಿ. ಮುಂಬೈನ ಸಹಾರ್ ವಿಮಾನ ನಿಲ್ದಾಣದ ಬಳಿ ಮೊದಲನೆಯದು, ಬಳಿಕ ಗೋವಾ, ಬೆಂಗಳೂರು, ಕೋವಳಂ, ಉದಯಪುರ, ದೆಹಲಿ, ಚೆನ್ನೈ. 2010ರಲ್ಲಿ ಪದ್ಮಭೂಷಣ.

ಇಲ್ಲಿಗೆ ನಿಲ್ಲಿಸಿದರೆ ಅದು ಬರೀ ಹೊಗಳಿಕೆಯಾಗುತ್ತದೆ. ದೆಹಲಿಯ ಚಾಣಕ್ಯಪುರಿಯ ಜಾಗವೊಂದಕ್ಕೇ 2007ರ ಹರಾಜಿನಲ್ಲಿ 611 ಕೋಟಿ ರೂಪಾಯಿ ಕೊಟ್ಟಿದ್ದರು. ಸಾಲ ಬೆಳೆಯಿತು. 2011ರಲ್ಲಿ ಕೋವಳಂ ಹೋಟೆಲನ್ನು ಮಾರಬೇಕಾಯಿತು. 2013ರಲ್ಲಿ, 91ನೇ ವಯಸ್ಸಿನಲ್ಲಿ, ಅಧ್ಯಕ್ಷಗಿರಿ ಬಿಟ್ಟುಕೊಟ್ಟಾಗ ಮಕ್ಕಳ ಹೆಗಲಿಗೆ ಹೋಟೆಲುಗಳ ಜೊತೆಗೆ ಆ ಭಾರವೂ ಬಿತ್ತು. ಅಪ್ಪ ಕಂಡ ಕನಸಿನ ಕಂತನ್ನು ಮಕ್ಕಳು ಕಟ್ಟುವುದು ಕುಟುಂಬದ ಉದ್ಯಮಗಳಲ್ಲಿ ಇದ್ದದ್ದೇ. ಅದನ್ನು ಮುಚ್ಚಿಟ್ಟು ದೊಡ್ಡವರನ್ನು ನೆನೆಯುವುದು ಅವರಿಗೆ ಮಾಡುವ ಗೌರವವಲ್ಲ.

2019ರಲ್ಲಿ ಕೆನಡಾ ಮೂಲದ ಬ್ರೂಕ್‌ಫೀಲ್ಡ್ 3,950 ಕೋಟಿ ರೂಪಾಯಿಗೆ ಬೆಂಗಳೂರು, ಚೆನ್ನೈ, ದೆಹಲಿ ಮತ್ತು ಉದಯಪುರದ ಹೋಟೆಲುಗಳನ್ನು ಕೊಂಡಿತು. ಮುಂಬೈನ ಮೊದಲ ಹೋಟೆಲು ನಾಯರ್ ಕುಟುಂಬದ ಕಂಪನಿಯಲ್ಲೇ ಉಳಿಯಿತು. ಹೊಸ ಮಾಲೀಕರು ಕಟ್ಟಡಗಳೊಂದಿಗೆ ಹೆಸರನ್ನೂ ಕೊಂಡಿದ್ದರು. ಕೋಡಿಹಳ್ಳಿಯ ಆ ಫಲಕದ ಮೇಲೆ ಈಗಲೂ ಇರುವುದು, 1950ರಲ್ಲಿ ಒಬ್ಬ ಕ್ಯಾಪ್ಟನ್ ಮದುವೆಯಾದ ಕಣ್ಣೂರಿನ ಹೆಣ್ಣುಮಗಳ ಹೆಸರೇ.