ರಷ್ಯದ ವಾದ್ಯ, ಮೈಸೂರಿನ ಕಂದಾಯ

ಮುಡುಕುತೊರೆಯ ದನಗಳ ಜಾತ್ರೆಯಲ್ಲಿ ಸಿಕ್ಕಿದ ಗಿರಣಿಯ ಗೆಳೆಯರೊಬ್ಬರು ನಮ್ಮನ್ನು ಕೇಳಿದರು: “ಮೇಷ್ಟ್ರೇ, ನಮ್ಮ ಮಹಾರಾಜರು ಯಾರೋ ರಷ್ಯದ ಸಂಗೀತಗಾರನಿಗೆ ದುಡ್ಡು ಕೊಟ್ಟಿದ್ದರಂತಲ್ಲ, ನಿಜವೇ?” ನಿಜ. ಅದರಲ್ಲಿ ಮೆಚ್ಚಬೇಕಾದದ್ದೂ ಇದೆ, ಲೆಕ್ಕ ಕೇಳಬೇಕಾದದ್ದೂ ಇದೆ.

ಆತನ ಹೆಸರು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಅಲ್ಲಿಯ ಸಂಗೀತ ವಿದ್ಯಾಲಯದಲ್ಲಿ ಕಲಿತವನು. ಪಿಯಾನೋ ಅವನ ವಾದ್ಯ. ಕ್ರಾಂತಿಯಾದ ನಾಲ್ಕು ವರ್ಷಕ್ಕೆ, 1921ರಲ್ಲಿ, ದೇಶ ಬಿಟ್ಟ. ಜರ್ಮನಿ, ಫ್ರಾನ್ಸುಗಳಲ್ಲಿದ್ದು ಕೊನೆಗೆ ಲಂಡನ್ನಿನಲ್ಲಿ ನೆಲೆ ನಿಂತ. ಯುರೋಪಿನ ಹೊಸ ಸಂಗೀತದ ರೀತಿ ಅವನಿಗೆ ಒಪ್ಪಿಗೆಯಾಗಲಿಲ್ಲ. ಅದನ್ನು ಖಂಡಿಸಿ 1935ರಲ್ಲಿ ಪುಸ್ತಕವನ್ನೇ ಬರೆದ. ಹಾಗಾಗಿ ಅಲ್ಲಿಯೂ ಸಲ್ಲಲಿಲ್ಲ, ಇಲ್ಲಿಯೂ ಸಲ್ಲಲಿಲ್ಲ. ಯುದ್ಧ ಬಂದೊಡನೆ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. ಮೇಲೆ ಹೃದಯದ ಬೇನೆ.

ಆಗ ಕೈ ಹಿಡಿದವರು ಜಯಚಾಮರಾಜೇಂದ್ರ ಒಡೆಯರು. ತಾವೂ ಪಿಯಾನೋ ಬಲ್ಲವರು, ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು. ಅವರ ಹಣದಿಂದ ನಾಯಿ ಮಾರ್ಕಿನ ಗ್ರಾಮಫೋನ್ ಕಂಪನಿಯವರು ಮೆಟ್ನರನ ಸಂಗೀತವನ್ನು ಅವನ ಕೈಯಿಂದಲೇ ನುಡಿಸಿ ತಟ್ಟೆಗಳಿಗೆ ಇಳಿಸಿದರು. 1947ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ಅವನ ಮೂರು ಕನ್ಸರ್ಟೋಗಳೂ ಮುದ್ರಿತವಾದವು. ಕನ್ಸರ್ಟೋ ಎಂದರೆ ಒಂದು ವಾದ್ಯ ಮುಂದೆ ನಿಂತು ಮಾತೆತ್ತುತ್ತದೆ, ಇಡೀ ಮೇಳ ಅದಕ್ಕೆ ಉತ್ತರ ಕೊಡುತ್ತದೆ. ನಮ್ಮ ಕಂಸಾಳೆಯಲ್ಲಿ ಗುರು ಒಂದು ಸೊಲ್ಲು ಹೇಳಿದರೆ ಹಿಮ್ಮೇಳದವರು ಎತ್ತಿಕೊಳ್ಳುವುದಿಲ್ಲವೇ, ಹಾಗೆ. ಮೂರನೆಯದನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1951ರ ನವೆಂಬರಿನಲ್ಲಿ ತೀರಿಕೊಂಡ. ತಟ್ಟೆಗಳು ಉಳಿದವು.

ಇದು ಒಳ್ಳೆಯ ಕೆಲಸ. ಹಾಗೆಂದು ಹೇಳಲು ನಮಗೆ ಸಂಕೋಚವಿಲ್ಲ. ಆದರೆ ಅದೇ 1947ನ್ನು ನೆನೆಯಿರಿ. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರವಿರಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಎಂದು ವಿದ್ಯಾರ್ಥಿಗಳು, ಕೂಲಿಕಾರರು, ರೈತರು ಬೀದಿಗಿಳಿದರು, ಜೈಲು ತುಂಬಿದರು. ಅಕ್ಟೋಬರಿನಲ್ಲಿ ಅರಮನೆ ಮಣಿಯಿತು. ಲಂಡನ್ನಿನ ವಾದ್ಯಕ್ಕೆ ಅಷ್ಟು ಸೂಕ್ಷ್ಮವಾಗಿ ತೆರೆದುಕೊಂಡಿದ್ದ ಕಿವಿಗೆ ಪ್ರಜೆಗಳ ಕೂಗು ಮುಟ್ಟಲು ಸತ್ಯಾಗ್ರಹವೇ ಬೇಕಾಯಿತು.

ಹಣ ಎಲ್ಲಿಯದು? ಅರಮನೆಯ ವೆಚ್ಚಕ್ಕೆ ಸಂಸ್ಥಾನದ ಬೊಕ್ಕಸವೇ ಮೂಲ. ಬೊಕ್ಕಸಕ್ಕೆ ಕಾವೇರಿ ದಂಡೆಯ ಗದ್ದೆಯವನ ಕಂದಾಯ, ಅಂಗಡಿಯವನ ತೆರಿಗೆ. ಒಕ್ಕೂಟಕ್ಕೆ ಸೇರಿದ ಮೇಲೂ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ; ಅದು ನಿಂತದ್ದು 1971ರಲ್ಲಿ. ಆದ್ದರಿಂದ ಮೆಟ್ನರನ ತಟ್ಟೆಗಳಲ್ಲಿ ನಮ್ಮ ಹಿರಿಯರ ಬೆವರೂ ಸೇರಿದೆ.

ಕೆಲವು ಸಂಗಾತಿಗಳು ಹೇಳುತ್ತಾರೆ: “ಅವನು ಕ್ರಾಂತಿಯ ನಾಡನ್ನು ಬಿಟ್ಟು ಹೋದವನು, ಅವನ ಸಂಗೀತ ಉಳ್ಳವರದು.” ನಾವು ಒಪ್ಪುವುದಿಲ್ಲ. ತನ್ನನ್ನು ಒಪ್ಪದ ಕಲಾವಿದನನ್ನು ಕಂಡು ಅಂಜುವ ಸಮಾಜವಾದ ಗಟ್ಟಿಯಾದದ್ದಲ್ಲ. ಸಂಗೀತ ಉಳ್ಳವರದಾದದ್ದು ಬಾಗಿಲು ಅವರ ಕೈಯಲ್ಲಿದ್ದುದರಿಂದ. ಎಂಟು ಗಂಟೆ ಮಗ್ಗದ ಸದ್ದು ಕೇಳಿದ ಕಿವಿಗೆ ಒಳ್ಳೆಯ ನಾದದ ಹಕ್ಕು ಇನ್ನೂ ಹೆಚ್ಚು.

ದೊರೆಗಳ ಕಾಲ ಮುಗಿಯಿತು. ಈಗ ಆಶ್ರಯ ಕೊಡಬೇಕಾದವರು ಜನರು, ಜನರ ಹೆಸರಿನಲ್ಲಿ ಆಳುವವರು. ನಮ್ಮ ಒತ್ತಾಯ ಎರಡು. ಜಾತ್ರೆಗೆ ಬರುವ ಕಂಸಾಳೆಯವರಿಗೆ, ತಮಟೆಯವರಿಗೆ, ನಗಾರಿಯವರಿಗೆ ಭಕ್ತಿಯ ಹೆಸರಿನಲ್ಲಿ ಬಿಟ್ಟಿ ದುಡಿಮೆ ಬೇಡ. ದಿನದ ಕೂಲಿ ಗೊತ್ತುಮಾಡಿ, ಜಾತ್ರೆ ಮುಗಿಯುವ ಮುನ್ನ ಕೈಗೆ ಕೊಡಿ. ಟಿ. ನರಸೀಪುರ, ನಂಜನಗೂಡುಗಳ ಗ್ರಂಥಾಲಯಗಳಲ್ಲಿ ಸಂಗೀತ ಕೇಳಲು ಒಂದು ಕೋಣೆ ಇರಲಿ. ಅಲ್ಲಿ ಮಲೆ ಮಾದಪ್ಪನ ಹಾಡೂ ಇರಲಿ, ಮೆಟ್ನರನ ಕನ್ಸರ್ಟೋವೂ ಇರಲಿ. ಬಾಗಿಲು ಗಿರಣಿ ಬಿಟ್ಟ ಮೇಲೆ, ಅಂಗಡಿ ಮುಚ್ಚಿದ ಮೇಲೆ ತೆರೆದಿರಲಿ.

ಮೆಟ್ನರನಿಗೆ ಒಬ್ಬ ದೊರೆ ಸಿಕ್ಕಿದ. ನಮ್ಮ ಕಂಸಾಳೆಯವನಿಗೆ ನಾವೇ ಸಿಗಬೇಕು.