ಉದ್ದದ ಬೋಲ್ಟು, ತಗ್ಗಿದ ಕಾರು

ಹಳೆಯ ಕಾರನ್ನು ಅದರ ಯೌವನದ ಚೆಲುವಿನಲ್ಲಿಯೇ ಕಾಪಾಡಿಕೊಂಡು ಬರುವುದು ಅಮೆರಿಕದಲ್ಲಿ ಅನೇಕರಿಗೆ ಒಂದು ವ್ರತವೇ ಆಗಿದೆ. ಅಂತಹವರ ಮಮತೆಯನ್ನು ಗಳಿಸಿದ ವಾಹನಗಳಲ್ಲಿ ಷೆವ್ರೊಲೆ ಕಾರ್ವೆಟ್ ಒಂದು. 1963ರ ‘ಸ್ಟಿಂಗ್ ರೇ’ ಮಾದರಿಯಲ್ಲಿ, ಹಿಂಬದಿಯ ಚಕ್ರಗಳೆರಡೂ ಒಂದರ ಹಂಗಿಲ್ಲದೆ ಇನ್ನೊಂದು ಏರಿಳಿಯುವಂತಹ ಏರ್ಪಾಡನ್ನು ಎಂಜಿನಿಯರ್ ಜೋರಾ ಆರ್ಕಸ್-ಡಂಟೊವ್ ಅವರು ಬಳಕೆಗೆ ತಂದರು. ಕೆಲವು ಮಾರ್ಪಾಡುಗಳೊಡನೆ ಅದು 1982ರ ಮಾದರಿಯವರೆಗೂ ನಡೆದುಬಂದಿತು.

ಈ ಕಾರಿನ ಕಮಾನು ಪಟ್ಟಿಯು ಲಾರಿಗಳಲ್ಲಿರುವಂತೆ ಉದ್ದಕ್ಕೆ ಇರದೆ ಅಡ್ಡಲಾಗಿ ಮಲಗಿರುತ್ತದೆ. ಅದರ ನಡುಭಾಗವನ್ನು ಡಿಫರೆನ್ಷಿಯಲ್ ಪೆಟ್ಟಿಗೆಯ ಅಡಿಗೆ ಬಿಗಿದಿರುತ್ತಾರೆ. ಎರಡು ತುದಿಗಳೂ ಚಕ್ರಗಳನ್ನು ಹೊತ್ತ ತೋಳುಗಳಿಗೆ ಒಂದೊಂದು ನೀಳವಾದ ಬೋಲ್ಟಿನಿಂದ, ರಬ್ಬರ್ ಮೆತ್ತೆಗಳ ಆಸರೆಯಲ್ಲಿ, ತಗುಲಿಕೊಂಡಿರುತ್ತವೆ. ಹಿಂಬದಿಯ ಭಾರವು ಈ ಎರಡೇ ಬೋಲ್ಟುಗಳನ್ನು ಹಗಲಿರುಳೂ ಜಗ್ಗುತ್ತಿರುತ್ತದೆ.

ಸೋತುಹೋದ ಪಟ್ಟಿಯನ್ನು ತೆಗೆದು ಹೊಸದನ್ನು ಕೂಡಿಸಿದಾಗ ಕಾರಿನ ಹಿಂಬದಿಯು ಅಂದಗೆಡುವಷ್ಟು ಎತ್ತರಕ್ಕೆ ನಿಲ್ಲುವುದುಂಟು. ಅದನ್ನು ತಗ್ಗಿಸಲು ಹೆಚ್ಚು ಉದ್ದದ ಬೋಲ್ಟುಗಳನ್ನು ಹಾಕುವುದು ರೂಢಿ. ಉದ್ದ ಹೆಚ್ಚಿದರೆ ಕಾರು ಏರಬೇಕಲ್ಲವೆ ಎಂದು ವಾಚಕರು ಶಂಕಿಸಬಹುದು. ಬೋಲ್ಟು ಉದ್ದವಾದಷ್ಟೂ ಪಟ್ಟಿಯ ತುದಿ ತೋಳಿನಿಂದ ಕೆಳಗೆ ಜೋಲುತ್ತದೆ. ತುದಿ ಇಳಿದಾಗ, ನಡುವಿನ ಮೇಲೆ ಕುಳಿತ ಕಾರಿನ ಮೈಯೂ ಇಳಿಯದೆ ಗತ್ಯಂತರವಿಲ್ಲ. ಆದರೆ ಹೊಸ ಪಟ್ಟಿಯು ಕೆಲಕಾಲದ ಓಡಾಟದಲ್ಲಿ ತಾನಾಗಿಯೇ ತುಸು ತಗ್ಗುವುದರಿಂದ, ತಾಳ್ಮೆಯಿಂದ ಕಾದು, ಅಳೆದು, ಅನಂತರ ಬೋಲ್ಟನ್ನು ಕೊಳ್ಳುವುದು ಜಾಣತನ.

ಮೂಲದ್ದಕ್ಕಿಂತ ಉದ್ದವಾದ 8 ಅಂಗುಲದ ಮತ್ತು 10 ಅಂಗುಲದ ಬೋಲ್ಟುಗಳು ಮಾರಾಟಕ್ಕಿವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಕಾರು ಅತಿಯಾಗಿ ತಗ್ಗಿದರೆ ಚಕ್ರದ ತಲೆ ಒಳಕ್ಕೆ ವಾಲಿ ಟೈರಿನ ಒಳಅಂಚು ಬೇಗನೆ ಸವೆಯುತ್ತದೆ. ಹಳ್ಳದಲ್ಲಿ ಧುಮುಕಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜಬಹುದು. ಆದಕಾರಣ ತಗ್ಗಿಸಿದ ಮೇಲೆ ಚಕ್ರಗಳ ವಾಲನ್ನು ಮತ್ತೆ ಸರಿಪಡಿಸಲೇಬೇಕು. ಎರಡು ಕಡೆಯ ನಟ್ಟುಗಳನ್ನೂ ಸಮನಾಗಿ ತಿರುಗಿಸಿ, ಕಾರನ್ನು ಕೊಂಚ ದೂರ ಓಡಿಸಿ ತಂದು, ಸಮನೆಲದ ಮೇಲೆ ನಿಲ್ಲಿಸಿ ಎತ್ತರವನ್ನು ಅಳೆಯತಕ್ಕದ್ದು.

ಉದ್ದಕ್ಕಿಂತಲೂ ಮುಖ್ಯವಾದುದು ಉಕ್ಕಿನ ಗುಣ. ಅಮೆರಿಕದ ಪದ್ಧತಿಯಲ್ಲಿ ಬೋಲ್ಟಿನ ತಲೆಯ ಮೇಲೆ 3 ಗೆರೆಗಳಿದ್ದರೆ ಅದು 5ನೆಯ ದರ್ಜೆಯದು. 6 ಗೆರೆಗಳಿದ್ದರೆ 8ನೆಯ ದರ್ಜೆಯದು. ಮೊದಲನೆಯದು ಚದರ ಅಂಗುಲಕ್ಕೆ 1,20,000 ಪೌಂಡುಗಳ ಎಳೆತವನ್ನು ತಾಳಬೇಕು. ಎರಡನೆಯದು 1,50,000 ಪೌಂಡುಗಳನ್ನು. ಉದ್ದಕ್ಕೂ ಮರೆ ಕೊರೆದ ಅಗ್ಗದ ಸರಳನ್ನು ತುಂಡರಿಸಿ ಬೋಲ್ಟಿನ ಬದಲಿಗೆ ಹಾಕುವುದು ಸಲ್ಲದು. ಮರೆಯ ಒಂದೊಂದು ಗಾಡಿಯೂ ಬಿರುಕಿಗೆ ಬಾಗಿಲು. ನಟ್ಟು ಸಡಿಲಗೊಳ್ಳದಂತೆ ಕಾಟರ್ ಪಿನ್ನಿನ ಇಲ್ಲವೆ ಹಿಡಿತವುಳ್ಳ ಬೀಗನಟ್ಟಿನ ಕಾವಲು ಇರಲಿ. ಹಳೆಯ ರಬ್ಬರ್ ಮೆತ್ತೆಗಳನ್ನೂ ಬದಲಾಯಿಸುವುದು ಲೇಸು.

ಬಿಚ್ಚುವಾಗಿನ ಅಪಾಯ ಇನ್ನೂ ದೊಡ್ಡದು. ಬಾಗಿದ ಪಟ್ಟಿಯಲ್ಲಿ ಅಡಗಿದ ಶಕ್ತಿ ಬರಿಗಣ್ಣಿಗೆ ಕಾಣುವುದಿಲ್ಲ. ಕಾರನ್ನು ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಿ, ಪಟ್ಟಿಯ ತುದಿಗೆ ಜಾಕಿಯನ್ನು ಜಾರದಂತೆ ಕೊಟ್ಟು, ಒತ್ತಡವನ್ನು ಅದರ ಮೇಲೆ ಹೊರಿಸಿದ ಬಳಿಕವೇ ನಟ್ಟನ್ನು ತೆಗೆಯಬೇಕು. ಅನಂತರ ಜಾಕಿಯನ್ನು ಮೆಲ್ಲಮೆಲ್ಲನೆ ಇಳಿಸಬೇಕು. ಅವಸರದಿಂದ ಬಿಚ್ಚಿದರೆ ಚಿಮ್ಮುವ ಪಟ್ಟಿಯು ಮೂಳೆಯನ್ನೇ ಮುರಿದೀತು. ಕಾರಿನ ಚೆಲುವು ಒಂದಂಗುಲ ಹೆಚ್ಚುಕಡಿಮೆಯಾದರೆ ನಾಳೆ ತಿದ್ದಿಕೊಳ್ಳಬಹುದು. ಕೈ ಕಳೆದುಕೊಂಡರೆ ತಿದ್ದುವವರಾರು?