ಲಕ್ಷದ್ವೀಪದಲ್ಲಿ ಯಾವ ದೇವಸ್ಥಾನ ಇದೆ?

ಹೋದ ಭಾನುವಾರ ಕಾಫಿ ಹೊತ್ತಲ್ಲಿ ಮಾತು ತೆಗೆದೆ. "ಜನವರೀಲಿ ನಾನೂ ನಾದಿನೀನೂ ಲಕ್ಷದ್ವೀಪಕ್ಕೆ ಹೋಗಿಬರ್ತೀವಿ" ಅಂತ. ನಮ್ಮನೆಯವ್ರು ಪೇಪರ್ ಕೆಳಗಿಟ್ಟು ಕೇಳಿದ್ರು ನೋಡಿ: "ಅಲ್ಲಿ ಯಾವ ದೇವಸ್ಥಾನ ಇದೆ?"

ಅವರೊಬ್ಬರೇ ಆಗಿದ್ರೆ ಬಿಡ್ತಿದ್ದೆ. ಬನಶಂಕರಿ ಓರಗಿತ್ತಿ ಫೋನ್ ಮಾಡಿ "ಈ ವಯಸ್ಸಲ್ಲಿ ನೀರಾಟ ಯಾಕಕ್ಕಾ?" ಅಂದ್ಲು. ಮಹಡಿ ಮನೆಯವರು "ಅಷ್ಟು ದುಡ್ಡಲ್ಲಿ ಚಾರ್‌ಧಾಮ್ ಆಗೋಗತ್ತಲ್ರೀ" ಅಂದ್ರು. ನಾವು ಕಾಶಿ, ಗಯಾ, ಪ್ರಯಾಗ ಅಂತ ಹದಿನಾಲ್ಕು ದಿನ ಹೋದಾಗ ಇದೇ ಜನ ಚಕ್ಲಿ ಕೋಡುಬಳೆ ಕಟ್ಟಿಕೊಟ್ಟು ಸ್ಟೇಷನ್‌ವರೆಗೂ ಬಂದಿದ್ರು. ದುಡ್ಡೆಷ್ಟಾಯ್ತು, ಮಂಡಿ ಹೇಗಿದೆ, ಮನೇಲಿ ಅಡುಗೆಗೆ ಯಾರು, ಒಬ್ರೂ ಕೇಳ್ಲಿಲ್ಲ.

ಕ್ಷೇತ್ರಕ್ಕೆ ಹೋಗೋದು ಬೇಡ ಅಂತ ನಾನು ಹೇಳ್ತಿಲ್ಲ. ಗಂಗೇಲಿ ಮುಳುಗಿ ಎದ್ದಾಗ ನನಗೂ ಕಣ್ಣು ತುಂಬಿತ್ತು. ನನ್ನ ಜಗಳ ಬೇರೆ. ಗಂಡಸರು ಗೋವಾಗೆ ಹೋದ್ರೆ ರಿಲ್ಯಾಕ್ಸ್, ಮಕ್ಕಳು ಮಾಲ್ಡೀವ್ಸ್‌ಗೆ ಹೋದ್ರೆ ಬ್ರೇಕ್. ಅರವತ್ತು ದಾಟಿದ ಹೆಂಗಸು ಹೊಸಲು ದಾಟ್ಬೇಕಾದ್ರೆ ಮಾತ್ರ ಪುಣ್ಯದ ಲೆಕ್ಕ ತೋರಿಸ್ಬೇಕು, ಇಲ್ಲಾ ಮಗಳ ಬಾಣಂತನ ಇರ್ಬೇಕು. ಅಮೆರಿಕಾಗೆ ಎರಡು ಸಲ ಹೋಗಿದೀನಿ ಕಣ್ರೀ, ಎರಡು ಸಲಾನೂ ನೋಡಿದ್ದು ಒಲೆ, ತೊಟ್ಟಿಲು, ಬಟ್ಟೆ ಒಗೆಯೋ ಮಿಷನ್ನು. ನೀಲಿ ನೀರು ನೋಡ್ಬೇಕು ಅನ್ನೋ ಆಸೆ ಒಂದು ಕಾರಣ ಅಲ್ವಾ?

ಅಲ್ಲೇನಿದೆ ಅಂದ್ರಲ್ಲ, ಕೇಳಿ. ಸಮುದ್ರದೊಳಗಿನ ಬೆಟ್ಟಸಾಲಿನ ಮೇಲೆ ಹವಳದ ಜೀವಿಗಳು ಸಾವಿರಾರು ವರ್ಷ ಕೂತು ಕಟ್ಟಿದ ಗೋಡೆ ಇದೆ. ಅಲೆ ಎಲ್ಲಾ ಆ ಗೋಡೆ ಆಚೆಗೇ ಒಡೆಯತ್ತೆ, ಈಚೆ ಕಡೆ ಲಗೂನ್‌ನಲ್ಲಿ ನೀರು ತಟ್ಟೇಲಿ ಬಡಿಸಿಟ್ಟ ಹಾಗೆ ನಿಂತಿರತ್ತೆ. ದ್ವೀಪ ಎಲ್ಲಾ ಸೇರಿದ್ರೂ ನೆಲ ಬರೀ 32 ಚದರ ಕಿಲೋಮೀಟರ್, ಜನ ಇರೋದು 10 ದ್ವೀಪಗಳಲ್ಲಿ. ಲಗೂನ್ ಮಾತ್ರ ಸುಮಾರು 4,200 ಚದರ ಕಿಲೋಮೀಟರ್! ಇನ್ನೊಂದು ವಿಷ್ಯ, ಬಂಗಾರಂ ಒಂದು ಬಿಟ್ರೆ ಉಳಿದ ಕಡೆ ಮದ್ಯ ಇಲ್ಲ. ನಮ್ಮ ಗಂಡಸರಿಗೆ ಯಾಕೆ ಉತ್ಸಾಹ ಇಲ್ಲ ಅಂತ ಈಗ ಗೊತ್ತಾಯ್ತಾ?

ಪರದೇಶ ಅಂತ ಮೂಗು ಮುರೀಬೇಡಿ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ, ಈ ಐದೂ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೇಲೇ ಇದ್ವು, ಮಂಗಳೂರಿಂದ ಆಡಳಿತ. ಅಲ್ಲಿನ ಹೆಂಗಸರು ತೆಂಗಿನ ಸಿಪ್ಪೆ ನೆನೆಹಾಕಿ, ಬಡಿದು, ನಾರು ಹೊಸೀತಿದ್ರು. ಆ ನಾರು ಮಂಗಳೂರಿಗೆ ಬಂದ್ರೆ ಅಲ್ಲಿಗೆ ಅಕ್ಕಿ ಹೋಗ್ತಿತ್ತು. ಈಗಲೂ ಮಂಗಳೂರಿನ ಹಳೇ ಬಂದರಿಂದ ತರಕಾರಿ, ಸಿಮೆಂಟು ಅಂತ ಸಾಮಾನು ಅಲ್ಲಿಗೆ ಹೋಗತ್ತೆ.

ಓರಗಿತ್ತಿ ಮಾತಲ್ಲಿ ಒಂದು ನಿಜ ಇದೆ, ಒಪ್ಕೋತೀನಿ. ಕೊಚ್ಚಿಯಿಂದ ಹಡಗಲ್ಲಿ ಹೋದ್ರೆ ದ್ವೀಪದ ಹತ್ರ ಸಮುದ್ರದಲ್ಲೇ ಸಣ್ಣ ದೋಣಿಗೆ ಇಳೀಬೇಕಾಗತ್ತೆ. ದೋಣಿ ಏಳ್ತಾ ಬೀಳ್ತಾ ಇರತ್ತೆ, ಕಾಲು ಯಾವಾಗ ಇಡ್ಬೇಕೋ ಆಗ್ಲೇ ಇಡ್ಬೇಕು. ನನ್ನ ಮಂಡಿಗೆ ಅದು ಆಗಲ್ಲ. ಅದಕ್ಕೇ ಅಗತ್ತಿಗೆ ವಿಮಾನ ನೋಡಿದೀನಿ. ಬೆಂಗಳೂರಿಂದ ನೇರ ವಿಮಾನ 2024ರಲ್ಲಿ ಶುರುವಾಯ್ತು, ಆದ್ರೆ ಟಿಕೆಟ್ ತೊಗೊಳೋ ಮುಂಚೆ ವೇಳೆ ನೋಡ್ಕೊಳಿ. ಮಳೆಗಾಲ ಬೇಡವೇ ಬೇಡ. ಪರ್ಮಿಟ್ ಇಲ್ದೆ ಯಾರನ್ನೂ ಬಿಡಲ್ಲ, ಮೊದಲು ಅದು, ಆಮೇಲೆ ಸೀರೆ ಜೋಡಿಸೋದು. ಪ್ರವಾಸಕ್ಕೆ ಅಂದ್ರೆ ಸರ್ಕಾರ ಒಪ್ಪತ್ತೆ. ಮನೆಯವರೇ ಒಪ್ಪಲ್ಲ.

ನಮ್ಮ ಹೆಂಗಸರಿಗೂ ಎರಡು ಮಾತು ಅನ್ಬೇಕು. ಅಲ್ಲಿ ಹೋಗಿ ಎರಡು ಬಕೆಟ್ ಬಿಸಿನೀರು ಕೊಡಿ ಅಂತ ಹಟ ಹಿಡೀಬೇಡಿ. ನೆಲದಡಿ ಉಪ್ಪುನೀರಿನ ಮೇಲೆ ಸಿಹಿನೀರು ಕೆನೆ ಹಾಗೆ ಒಂದು ಪದರ ಇರತ್ತೆ, ಹೆಚ್ಚು ಎತ್ತಿದ್ರೆ ಉಪ್ಪು ಮೇಲೆ ಬಂದ್ಬಿಡತ್ತೆ. ಕವರತ್ತೀಲಿ 2005ರಿಂದ ಸಮುದ್ರದ ನೀರನ್ನೇ ಸಿಹಿ ಮಾಡೋ ಘಟಕ ಇದೆ, ದಿನಕ್ಕೆ ಒಂದು ಲಕ್ಷ ಲೀಟರಿನದು. 2024ರ ಬೇಸಿಗೇಲಿ ಟ್ಯಾಂಕರ್‌ಗೆ ಕಾದು ಕೂತ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾ? ಗೊಂಬೆ ಹಬ್ಬಕ್ಕೆ ಚೆನ್ನಾಗಿರತ್ತೆ ಅಂತ ಹವಳದ ಚೂರು ಸೆರಗಿಗೆ ಕಟ್ಕೊಂಡು ಬರೋದೂ ಬೇಡ, ಅದು ಕಾನೂನು ಪ್ರಕಾರ ಅಪರಾಧ.

ನಿನ್ನೆ ನಾನೂ ನಾದಿನೀನೂ ನಾಲ್ಕನೇ ಬ್ಲಾಕ್‌ಗೆ ಹೋಗಿ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಿಕೊಂಡು ಬಂದ್ವಿ. ರಾತ್ರಿ ಊಟಕ್ಕೆ ಕೂತಾಗ ಇವರು ಮೆಲ್ಲಗೆ, "ಐದು ದಿನ ಡಿಕಾಕ್ಷನ್ ಯಾರು ಹಾಕ್ತಾರೆ?" ಅಂದ್ರು. ಫಿಲ್ಟರ್ ಎಲ್ಲಿದೆ ಅಂತ ತೋರಿಸಿದೀನಿ. ಜೊತೆಗೆ ಬರೋರು ಯಾರಾದ್ರೂ ಇದ್ರೆ ಶನಿವಾರದೊಳಗೆ ಹೇಳಿ, ಒಟ್ಟಿಗೇ ಅರ್ಜಿ ಹಾಕೋಣ.